ಹೇಳಿಕೊಡುವವನಿಗೆ ದಕ್ಕುವುದೇನು?

ಧನವನ್ನು ಕೊಟ್ಟವನ ಗಂಟು ಕರಗುತ್ತದೆ, ವಿದ್ಯೆಯನ್ನು ಕೊಟ್ಟವನ ಭಂಡಾರ ಬೆಳೆಯುತ್ತದೆ ಎಂಬ ಮಾತನ್ನು ಎಲ್ಲರೂ ಬಾಲ್ಯದಿಂದ ಕೇಳುತ್ತ ಬಂದವರೇ. ಶಾಲೆಯ ಗೋಡೆಗಳ ಮೇಲೆ ಅದನ್ನು ಬರೆಯಿಸಿದ್ದುಂಟು. ವಾರ್ಷಿಕೋತ್ಸವದ ವೇದಿಕೆಗಳಿಂದ ನಾವೂ ಅದನ್ನು ಹಲವು ಬಾರಿ ಹೇಳಿದ್ದುಂಟು. ಆದರೆ ಬಹಳ ಕೈಗಳಲ್ಲಿ ಓಡಾಡಿದ ನಾಣ್ಯದ ಮೇಲಿನ ಅಚ್ಚು ಸವೆದುಹೋಗುವಂತೆ ಬಹಳ ಬಾಯಿಗಳಲ್ಲಿ ಓಡಾಡಿದ ಮಾತಿನ ಅರ್ಥವೂ ಸವೆಯುತ್ತದೆ. ಆ ಮಾತು ನಿಜವೆ? ನಿಜವಾದರೆ ಹೇಗೆ ನಿಜ? ಯಾವ ರೀತಿಯಿಂದ ಕೊಟ್ಟರೂ ವಿದ್ಯೆ ಬೆಳೆಯುತ್ತದೆಯೆ, ಇಲ್ಲವೆ ಒಂದು ಬಗೆಯಲ್ಲಿ ಕೊಟ್ಟಾಗ ಮಾತ್ರವೆ? ಕೊಡುವವನೇ ಬೆಳೆಯುವುದಾದರೆ ಆ ಕೊಡುವಿಕೆಯನ್ನು ದಾನವೆಂದು, ಸೇವೆಯೆಂದು ಕರೆಯುವುದು ಸರಿಯೆ? ಈ ಪ್ರಶ್ನೆಗಳನ್ನು ವಿಶ್ವವಿದ್ಯಾಲಯಗಳ ಒಂದು ಪದ್ಧತಿಯನ್ನು ಎದುರಿಗಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ. ಒಬ್ಬ ವಿದ್ಯಾರ್ಥಿ ಮುಂದಾಳಾಗಿ ನಿಂತು ತನ್ನ ಓರಗೆಯವರನ್ನೋ ತನಗಿಂತ ಒಂದು ವರ್ಷ ಕಿರಿಯರನ್ನೋ ಕೂಡಿಸಿಕೊಂಡು ಅಧ್ಯಯನಗೋಷ್ಠಿ ನಡೆಸುವುದೇ ಆ ಪದ್ಧತಿ.

ವಿದ್ಯೆ ಯಾವ ಯಾವ ದಾರಿಯಿಂದ ಬರುತ್ತದೆ ಎಂಬುದಕ್ಕೆ ಸಂಸ್ಕೃತದ ಒಂದು ಹಳೆಯ ಸುಭಾಷಿತ ಲೆಕ್ಕ ಕೊಡುತ್ತದೆ. ಅದರ ಪ್ರಕಾರ ಶಿಷ್ಯನಿಗೆ ಆಚಾರ್ಯನಿಂದ ಬರುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಇನ್ನೊಂದು ಪಾಲು ಅವನ ಸ್ವಂತ ಮೇಧೆಯಿಂದ, ಮತ್ತೊಂದು ಪಾಲು ಜೊತೆಯಲ್ಲಿ ಓದುವವರಿಂದ, ಉಳಿದ ಪಾಲು ಕಾಲಕ್ರಮದಿಂದ ಬರುತ್ತದೆ. ನಮ್ಮ ಕಾಲದ ಶಿಕ್ಷಣವು ಮೊದಲನೆಯ ಪಾಲಿಗಾಗಿ ಕಟ್ಟಡಗಳನ್ನು ಕಟ್ಟಿತು, ಎರಡನೆಯದನ್ನು ಅಳೆಯಲು ಪರೀಕ್ಷೆಗಳನ್ನು ಏರ್ಪಡಿಸಿತು, ನಾಲ್ಕನೆಯದನ್ನು ದೈವಕ್ಕೆ ಬಿಟ್ಟಿತು. ಮೂರನೆಯ ಪಾಲನ್ನು ಮಾತ್ರ ಯಾರೂ ಕೇಳಲಿಲ್ಲ. ಜೊತೆಗಾರರೊಂದಿಗೆ ಮಾತನಾಡುವ ವಿದ್ಯಾರ್ಥಿಯನ್ನು ತರಗತಿಯಿಂದ ಹೊರಗೆ ಕಳಿಸುವುದೇ ಶಿಸ್ತು ಎಂದು ಬಹುಕಾಲ ನಂಬಲಾಗಿತ್ತು. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಸತ್ಯ, ತಪಸ್ಸು, ದಮ, ಶಮ ಮೊದಲಾದವನ್ನು ಒಂದೊಂದಾಗಿ ಹೇಳುವಾಗ ಪ್ರತಿಯೊಂದರ ಜೊತೆಗೂ ಸ್ವಾಧ್ಯಾಯ ಮತ್ತು ಪ್ರವಚನ ಎಂಬ ಜೋಡಿಯನ್ನು ತಪ್ಪದೆ ಸೇರಿಸಲಾಗಿದೆ. ತಾನು ಓದುವುದು, ಇನ್ನೊಬ್ಬರಿಗೆ ಹೇಳುವುದು ಇವೆರಡೂ ಅಲ್ಲಿ ಒಂದೇ ನೊಗಕ್ಕೆ ಹೂಡಿದ ಎತ್ತುಗಳು. ನಾವು ನೊಗವನ್ನು ಮುರಿದು, ಓದುವ ಎತ್ತನ್ನು ವಿದ್ಯಾರ್ಥಿಗೂ ಹೇಳುವ ಎತ್ತನ್ನು ಅಧ್ಯಾಪಕನಿಗೂ ಹಂಚಿಕೊಟ್ಟೆವು.

ಮುರಿದ ಈ ನೊಗವನ್ನು ಮತ್ತೆ ಜೋಡಿಸುವ ಒಂದು ಪ್ರಯತ್ನ ಅಮೆರಿಕಾ ದೇಶದ ಮಿಸ್ಸೂರಿ ವಿಶ್ವವಿದ್ಯಾಲಯದ ಕ್ಯಾನ್ಸಾಸ್ ಸಿಟಿ ಶಾಖೆಯಲ್ಲಿ 1973ರಲ್ಲಿ ನಡೆಯಿತು. ಡಿಯಾನಾ ಮಾರ್ಟಿನ್ ಎಂಬ ವಿದುಷಿ ಅದರ ಪ್ರವರ್ತಕಿ. ವೈದ್ಯ, ದಂತವೈದ್ಯ, ಔಷಧಶಾಸ್ತ್ರಗಳ ವ್ಯಾಸಂಗಕ್ಕೆ ಬಂದು ನಡುವೆಯೇ ಸೋಲುತ್ತಿದ್ದ ವಿದ್ಯಾರ್ಥಿಗಳಿಗೆ ನೆರವಾಗಬೇಕೆಂಬುದು ಮೊದಲ ಸಂಕಲ್ಪ. ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’, ಅಂದರೆ ಪೂರಕ ಬೋಧನೆ, ಎಂದು ಅದಕ್ಕೆ ಹೆಸರಾಯಿತು. 1981ರಲ್ಲಿ ಆ ದೇಶದ ಶಿಕ್ಷಣ ಇಲಾಖೆ ಅದನ್ನು ಮಾದರಿ ಕಾರ್ಯಕ್ರಮವೆಂದು ಮನ್ನಿಸಿತು. ಮುಂದೆ ಆಸ್ಟ್ರೇಲಿಯದ ವೊಲೊಂಗಾಂಗ್, ಸ್ವೀಡನ್ನಿನ ಲುಂಡ್ ಮೊದಲಾದ ವಿಶ್ವವಿದ್ಯಾಲಯಗಳು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಬೆಳೆಸಿದವು.

ಈ ಪದ್ಧತಿಯ ಒಂದು ವಿವೇಕ ಗಮನಿಸತಕ್ಕದ್ದು. ಅದು ದಡ್ಡ ವಿದ್ಯಾರ್ಥಿ ಯಾರು ಎಂದು ಹುಡುಕುವುದಿಲ್ಲ. ಕಠಿಣವಾದ ವಿಷಯ ಯಾವುದು ಎಂದು ಹುಡುಕುತ್ತದೆ. ಯಾವ ಪಾಠದಲ್ಲಿ ನೂರಕ್ಕೆ 30 ಅಥವಾ ಅದಕ್ಕೂ ಹೆಚ್ಚು ಮಂದಿ ತೀರ ಕಡಿಮೆ ದರ್ಜೆ ಪಡೆಯುತ್ತಾರೋ, ಅನುತ್ತೀರ್ಣರಾಗುತ್ತಾರೋ ಅಥವಾ ಪಾಠವನ್ನೇ ಬಿಟ್ಟುಹೋಗುತ್ತಾರೋ ಅಂಥ ಪಾಠಕ್ಕೆ ಅದು ಗೋಷ್ಠಿಯನ್ನು ಏರ್ಪಡಿಸುತ್ತದೆ. ಬರುವುದು ಬಿಡುವುದು ವಿದ್ಯಾರ್ಥಿಯ ಇಚ್ಛೆ. ಆದಕಾರಣ ಗೋಷ್ಠಿಗೆ ಬಂದವನ ಹಣೆಯ ಮೇಲೆ ‘ಹಿಂದುಳಿದವನು’ ಎಂಬ ಮುದ್ರೆ ಬೀಳುವುದಿಲ್ಲ. ಜಾಣನೂ ಬರುತ್ತಾನೆ, ತಿಣುಕುವವನೂ ಬರುತ್ತಾನೆ.

ಗೋಷ್ಠಿಯ ಮುಂದಾಳು ಅದೇ ಪಾಠವನ್ನು ಹಿಂದೆ ಚೆನ್ನಾಗಿ ಮುಗಿಸಿದ ವಿದ್ಯಾರ್ಥಿ. ತಾನು ಈಗಾಗಲೇ ತೇರ್ಗಡೆಯಾದ ಆ ಪಾಠದ ತರಗತಿಗಳಲ್ಲಿ ಅವನು ಮತ್ತೊಮ್ಮೆ ಹೊಸಬರ ನಡುವೆ ಕುಳಿತು ಕೇಳುತ್ತಾನೆ, ಟಿಪ್ಪಣಿ ಮಾಡಿಕೊಳ್ಳುತ್ತಾನೆ. ಆಮೇಲೆ ವಾರದಲ್ಲಿ ಕೆಲವು ಸಲ ಗೋಷ್ಠಿಯನ್ನು ಸೇರಿಸುತ್ತಾನೆ. ಅಲ್ಲಿ ಅವನಿಗೆ ಮೊದಲ ನಿಯಮವೆಂದರೆ ಪಾಠ ಮಾಡಕೂಡದು. ಅಧ್ಯಾಪಕರು ಹೇಳಿದ್ದನ್ನೇ ಮತ್ತೆ ಉಪನ್ಯಾಸವಾಗಿ ಒಪ್ಪಿಸಕೂಡದು. ಯಾರಾದರೂ ಪ್ರಶ್ನೆ ಕೇಳಿದರೆ ಕೂಡಲೇ ಉತ್ತರ ಕೊಡದೆ ಅದನ್ನು ಗುಂಪಿನ ನಡುವೆ ಇಡಬೇಕು. ‘ನಿಮ್ಮ ಟಿಪ್ಪಣಿಯಲ್ಲಿ ಏನಿದೆ? ಇನ್ನೊಬ್ಬರು ಏನು ಬರೆದುಕೊಂಡಿದ್ದಾರೆ? ಹಾಗಾದರೆ ಈ ಎರಡರಲ್ಲಿ ಯಾವುದು ಸರಿ?’ ಎಂದು ಕೇಳುತ್ತ ಹೋಗಬೇಕು. ತಿಳಿದಿದ್ದೂ ಹೇಳದೆ ಇರುವುದು ಅವನಿಗೆ ವಿಧಿಸಿದ ವ್ರತ. ತರುಣರಿಗೆ ಇದಕ್ಕಿಂತ ಕಠಿಣವಾದ ವ್ರತ ಬಹುಶಃ ಇಲ್ಲ.

ಇಂಥ ಗೋಷ್ಠಿಗೆ ಬಂದ ಕಿರಿಯರಿಗೆ ಪ್ರಯೋಜನವಾಗುವುದು ಸಹಜ. ಅದಕ್ಕಾಗಿಯೇ ಅದು ಹುಟ್ಟಿದ್ದು. ಆದರೆ ಪದ್ಧತಿ ಬೆಳೆದಂತೆ ಅದನ್ನು ನಡೆಸುತ್ತಿದ್ದವರಿಗೆ ಇನ್ನೊಂದು ಸಂಗತಿ ಗೋಚರಿಸಿತು. ಮುಂದಾಳುಗಳೇ ಬೆಳೆಯುತ್ತಿದ್ದರು. ತಮಗೆ ವಿಷಯ ಈಗಲೇ ನಿಜವಾಗಿ ತಿಳಿಯಿತು ಎಂದು ಅವರು ಹೇಳತೊಡಗಿದರು. ನಾಲ್ಕು ಜನರ ಮುಂದೆ ಮಾತನಾಡುವ ಧೈರ್ಯ, ಅಧ್ಯಾಪಕರೊಡನೆ ಸಲುಗೆ, ಗುಂಪನ್ನು ಹದವಾಗಿ ನಡೆಸುವ ಕುಶಲತೆ, ಇನ್ನೊಬ್ಬರ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ ಇವೆಲ್ಲ ತಮಗೆ ಬಂದವೆಂದು ಹಲವು ದೇಶಗಳ ಮುಂದಾಳುಗಳು ಹೇಳಿಕೊಂಡಿದ್ದಾರೆ.

ಆದರೆ ಈ ಹೇಳಿಕೆಗಳನ್ನು ಪರೀಕ್ಷಿಸದೆ ಒಪ್ಪಲಾಗದು. ಮುಂದಾಳನ್ನು ಆರಿಸುವುದೇ ಜಾಣರ ನಡುವಿನಿಂದ. ಜಾಣನು ಮುಂದೆಯೂ ಜಾಣನಾಗಿ ಉಳಿದರೆ ಅದಕ್ಕೆ ಗೋಷ್ಠಿಯೇ ಕಾರಣವೆಂದು ಹೇಗೆ ಹೇಳುವುದು? ಕಾಗೆ ಕೂತಿತು, ಕೊಂಬೆ ಮುರಿಯಿತು ಎಂಬ ನ್ಯಾಯವಾದೀತು. ಆದಕಾರಣ ಇಲ್ಲಿ ಪ್ರಯೋಗಗಳ ಸಾಕ್ಷ್ಯ ಬೇಕಾಗುತ್ತದೆ. ಬಾರ್ಗ್ ಮತ್ತು ಶುಲ್ ಎಂಬ ಮನೋವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇನ್ನೊಬ್ಬರಿಗೆ ಕಲಿಸಬೇಕೆಂಬ ಉದ್ದೇಶದಿಂದ ಓದಿದವರು, ತಮಗಾಗಿ ಮಾತ್ರ ಓದಿದವರಿಗಿಂತ ವಿಷಯವನ್ನು ಚೆನ್ನಾಗಿ ಗ್ರಹಿಸಿದ್ದು ಕಂಡುಬಂತು. ಕಲಿಸುವ ಸಂಕಲ್ಪ ಮಾತ್ರದಿಂದಲೇ ಓದಿನ ರೀತಿ ಬದಲಾಗುತ್ತದೆ ಎಂದಾಯಿತು. 2013ರಲ್ಲಿ ಫಿಯೊರೆಲ್ಲಾ ಮತ್ತು ಮೇಯರ್ ಎಂಬವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಲಿಸಲು ಸಿದ್ಧನಾದವನಿಗೆ ಸಿಕ್ಕುವ ಲಾಭ ಬೇಗನೆ ಮಾಸುತ್ತದೆ, ನಿಜವಾಗಿ ಕಲಿಸಿದವನಿಗೆ ಸಿಕ್ಕುವ ಲಾಭ ಕೆಲವು ದಿನಗಳ ಮೇಲೂ ಉಳಿಯುತ್ತದೆ ಎಂದು ಅವರ ಪ್ರಯೋಗ ತೋರಿಸಿತು. 2018ರಲ್ಲಿ ಸಿಂಗಪುರದ ಸಂಶೋಧಕರು ಅದಕ್ಕೆ ಒಂದು ಕಾರಣವನ್ನೂ ಕಂಡರು: ಬರೆದುಕೊಂಡದ್ದನ್ನು ನೋಡಿ ಓದುತ್ತ ಕಲಿಸಿದವರಿಗೆ ಆ ಲಾಭ ಸಿಕ್ಕಲಿಲ್ಲ, ಕಾಗದವನ್ನು ಬದಿಗಿಟ್ಟು ನೆನಪಿನಿಂದ ಎತ್ತಿ ಹೇಳಿದವರಿಗೆ ಸಿಕ್ಕಿತು. ಬಾವಿಯ ನೀರು ಸೇದಿದಷ್ಟೂ ಊರುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದು ಇದನ್ನೇ. ಆದರೆ ಕೊಡದಲ್ಲಿ ತುಂಬಿಟ್ಟದ್ದನ್ನು ಬಗ್ಗಿಸಿದರೆ ಊರುವುದೇನೂ ಇಲ್ಲ.

ವಾಸ್ತವವಾಗಿ ಈ ತಿಳಿವು ನಮ್ಮ ನಾಡಿಗೆ ಹೊಸದಲ್ಲ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ದೇಶೀ ಶಾಲೆಗಳನ್ನು ಕುರಿತು 1823ರಲ್ಲಿ ಮದರಾಸಿನ ಸರಕಾರಕ್ಕೆ ವಿವರವಾದ ವರದಿ ಬರೆದನು. ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಆ ಶಾಲೆಗಳ ಎಷ್ಟೋ ಕೊರತೆಗಳನ್ನು ಅವನು ಮುಚ್ಚುಮರೆಯಿಲ್ಲದೆ ಎತ್ತಿ ಹೇಳಿದ್ದಾನೆ. ಅರ್ಥ ತಿಳಿಯದೆ ಬಾಯಿಪಾಠ ಮಾಡಿಸುವುದನ್ನು ಖಂಡಿಸಿದ್ದಾನೆ. ಆದರೆ ಒಂದು ವಿಷಯವನ್ನು ಮನಸಾರೆ ಹೊಗಳಿದ್ದಾನೆ. ಮುಂದುವರಿದ ಹುಡುಗರಿಂದ ಹಿಂದಿನ ಹುಡುಗರಿಗೆ ಹೇಳಿಸುವುದು, ಹಾಗೆ ಹೇಳುವಾಗಲೇ ಅವರ ಸ್ವಂತ ತಿಳಿವಳಿಕೆಯೂ ಗಟ್ಟಿಯಾಗುವುದು ಮೆಚ್ಚತಕ್ಕ ಕ್ರಮವೆಂದೂ, ಇಂಗ್ಲೆಂಡು ಅದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆಯೆಂದೂ ಅವನ ಅಭಿಪ್ರಾಯ. ನಮ್ಮ ಅಜ್ಜಂದಿರು ಓದಿದ ಗಾಂವಠಿ ಶಾಲೆಗಳ, ಕೂಲಿಮಠಗಳ ಅಂಗಳದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಹಿರಿಯ ಹುಡುಗನನ್ನು ನೆನೆದರೆ ಆ ಮಾತಿನ ಅರ್ಥ ಹೊಳೆಯುತ್ತದೆ.

ಇಂಗ್ಲೆಂಡಿನ ಅನುಕರಣೆ ಎಂದು ಅವನು ಹೇಳಿದ್ದಕ್ಕೂ ಇತಿಹಾಸವಿದೆ. ಆ್ಯಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಣೆ ವಹಿಸಿಕೊಂಡನು. ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಕಂಡು ತನ್ನ ಆಶ್ರಮದಲ್ಲಿಯೂ ಅದನ್ನು ತಂದನು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದನು. ಸ್ವದೇಶಕ್ಕೆ ಮರಳಿ 1797ರಲ್ಲಿ ಆ ಪ್ರಯೋಗದ ವೃತ್ತಾಂತವನ್ನು ಪ್ರಕಟಿಸಿದನು. ‘ಮದರಾಸ್ ಪದ್ಧತಿ’ ಎಂದೇ ಅದು ಪ್ರಸಿದ್ಧವಾಯಿತು. ಅದೇ ಕಾಲಕ್ಕೆ ಜೋಸೆಫ್ ಲ್ಯಾಂಕಾಸ್ಟರ್ ಎಂಬವನು ಲಂಡನ್ನಿನಲ್ಲಿ ಅಂಥದೇ ಶಾಲೆಯನ್ನು ತೆರೆದನು. ಆದರೆ ಅಲ್ಲಿ ಏನಾಯಿತು? ಒಬ್ಬ ಮೇಷ್ಟರನ್ನು ಇಟ್ಟುಕೊಂಡು ನೂರಾರು ಬಡಮಕ್ಕಳಿಗೆ ಅಗ್ಗದಲ್ಲಿ ಓದು ಕಲಿಸುವ ಯಂತ್ರವಾಗಿ ಅದು ಮಾರ್ಪಟ್ಟಿತು. ಹಿರಿಯ ಹುಡುಗ ಗಿಳಿಯಂತೆ ಒಪ್ಪಿಸುವನು, ಕಿರಿಯ ಹುಡುಗ ಗಿಳಿಯಂತೆ ಮರುನುಡಿಯುವನು. ಹೇಳಿಕೊಡುವ ಹುಡುಗನ ತಿಳಿವು ಗಟ್ಟಿಯಾಯಿತೆ ಎಂದು ಕೇಳುವವರು ಉಳಿಯಲಿಲ್ಲ. ಎಷ್ಟು ಖರ್ಚು ಉಳಿಯಿತೆಂದು ಕೇಳುವವರು ಹೆಚ್ಚಿದರು. ಇದನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಮುಂದೆ ಅದಕ್ಕೆ ಮರಳುತ್ತೇವೆ.

ಈಗ ಮೊದಲು ಎತ್ತಿದ ಪ್ರಶ್ನೆಯನ್ನು ಪೂರ್ವಪಕ್ಷವಾಗಿ ಇಡೋಣ. ಹೇಳಿಕೊಡುವವನೇ ಹೆಚ್ಚು ಕಲಿಯುತ್ತಾನೆಂಬುದು ಸಿದ್ಧವಾದರೆ, ಎದುರಿಗೆ ಕುಳಿತ ತಿಳಿಯದವನು ಅವನ ಪಾಲಿಗೆ ಏನಾದ? ಕತ್ತಿಯನ್ನು ಮಸೆದುಕೊಳ್ಳುವ ಸಾಣೆಕಲ್ಲಾದನಲ್ಲವೆ? ಒಬ್ಬನ ಅಜ್ಞಾನವನ್ನು ತನ್ನ ಜ್ಞಾನಕ್ಕೆ ಮೆಟ್ಟಿಲಾಗಿ ಮಾಡಿಕೊಂಡು, ಮೇಲೆ ‘ವಿದ್ಯಾದಾನ ಮಾಡಿದೆ’ ಎಂಬ ಪುಣ್ಯದ ಹೆಸರನ್ನೂ ಪಡೆಯುವುದು ಎರಡು ಕೈಯಲ್ಲಿ ಲಾಭ ಬಾಚಿದಂತಲ್ಲವೆ? ಇದು ಕುತರ್ಕವಲ್ಲ. ನಮ್ಮ ಮಟ್ಟಿಗಂತೂ ಅನುಭವದಿಂದ ಹುಟ್ಟಿದ ಪ್ರಶ್ನೆ. ಆ ಅನುಭವವನ್ನು ಇಲ್ಲಿ ನಿವೇದಿಸುವುದು ಉಚಿತ.

ಸುಮಾರು ಮೂವತ್ತೈದು ವರ್ಷಗಳ ಹಿಂದಿನ ಮಾತು. ನಾವು ಆಗ ಪಾಠಶಾಲೆಯ ಸಂಸ್ಕೃತ ವ್ಯಾಸಂಗವನ್ನು ಮುಗಿಸಿ ಪದವಿ ತರಗತಿಗೆ ಸೇರಿದ್ದೆವು; ಒಂದು ಉಚಿತ ಪ್ರಸಾದ ನಿಲಯದಲ್ಲಿ ವಾಸ. ತತ್ತ್ವಶಾಸ್ತ್ರದಲ್ಲಿ ಭಾರತೀಯ ತರ್ಕದ ಒಂದು ಪತ್ರಿಕೆ ಇತ್ತು. ಅನ್ನಂಭಟ್ಟನ ತರ್ಕಸಂಗ್ರಹ ನಮಗೆ ಮೊದಲೇ ಕಂಠಸ್ಥ. ಜೊತೆಯಲ್ಲಿದ್ದ ಒಬ್ಬ ಹುಡುಗ, ಹಳ್ಳಿಯ ಕಂಬಾರರ ಮಗ, ಆ ವಿಷಯದಲ್ಲಿ ಬಹಳ ಕಷ್ಟಪಡುತ್ತಿದ್ದ. ನಿಲಯದ ಹಿರಿಯ ಗುರುಗಳು ಅವನಿಗೆ ಹೇಳಿಕೊಡಲು ನಮ್ಮನ್ನು ನೇಮಿಸಿದರು. ರಾತ್ರಿ ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ಕುಳಿತು ನಾವು ಹೇಳಿದೆವು. ಹೇಳಿದ್ದೇ ಹೇಳಿದ್ದು! ಲಕ್ಷಣ, ಉದಾಹರಣೆ, ಆಕ್ಷೇಪ, ಪರಿಹಾರ ಒಂದನ್ನೂ ಬಿಡಲಿಲ್ಲ. ಅವನು ತಲೆಯಾಡಿಸುತ್ತಿದ್ದ. ‘ತಿಳೀತೇನು?’ ಎಂದರೆ ‘ಹೌದ್ರೀ ಸ್ವಾಮ್ಯಾರ’ ಎನ್ನುತ್ತಿದ್ದ. ದಿನದಿನಕ್ಕೆ ನಮ್ಮ ನಾಲಗೆ ಹರಿತವಾಯಿತು. ಪರೀಕ್ಷೆಯಲ್ಲಿ ಉಪಾಧಿಯ ಮೇಲೆಯೇ ಪ್ರಶ್ನೆ ಬಂದಿತ್ತು. ನಮಗೆ ಪ್ರಥಮ ದರ್ಜೆಯ ಅಂಕಗಳು ಬಂದವು. ಅವನು ಆ ಪತ್ರಿಕೆಯಲ್ಲಿ ಅನುತ್ತೀರ್ಣನಾದ. ಗಂಟು ಕಟ್ಟಿ ಊರಿಗೆ ಹೋಗಿ ಕುಲುಮೆಗೆ ಕೂಡುವೆನೆಂದು ಹೊರಟು ನಿಂತ.

ಗುರುಗಳು ನಮ್ಮನ್ನು ಕರೆಸಿದರು. ಬೈಯಲಿಲ್ಲ. ‘ಇಷ್ಟು ದಿನ ಕೂತು ಹೇಳಿದಿರಲ್ಲ, ಅವ ಏನಂದ?’ ಎಂದು ಮಾತ್ರ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಎರಡು ತಿಂಗಳಲ್ಲಿ ಆ ಹುಡುಗ ಆಡಿದ ಒಂದು ಪೂರ್ಣ ವಾಕ್ಯವೂ ನಮ್ಮ ನೆನಪಿನಲ್ಲಿ ಇರಲಿಲ್ಲ. ‘ಹಾಗಾದರೆ ಇನ್ನು ಮ್ಯಾಲ ನೀವು ಹೇಳಬ್ಯಾಡ್ರಿ, ಕೇಳ್ರಿ’ ಎಂದು ಆಜ್ಞೆಯಾಯಿತು. ಅವನನ್ನೂ ಸಮಾಧಾನ ಮಾಡಿ ಉಳಿಸಿಕೊಂಡರು.

ಮತ್ತೆ ಕುಳಿತೆವು. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಎಂಬುದು ತರ್ಕದ ಮೊದಲ ಪಾಠ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೆ ಎಂಬುದು ಅದರ ಮರುಪ್ರಶ್ನೆ. ಪ್ರಶ್ನೆಯನ್ನು ಅವನ ಮುಂದಿಟ್ಟು ನಾವು ಸುಮ್ಮನಾದೆವು. ಆ ಮೌನ ಎಷ್ಟು ಭಾರವಾಗಿತ್ತೆಂದರೆ ಉತ್ತರ ನಮ್ಮ ಹಲ್ಲಿನ ಹಿಂದೆ ಬಂದು ನಿಂತಿತ್ತು. ಬಹಳ ಹೊತ್ತಿನ ಮೇಲೆ ಅವನು ಅಂದ: ‘ಎಲ್ಲೀದರೀ ಸ್ವಾಮ್ಯಾರ, ನಮ್ಮ ಕುಲುಮ್ಯಾಗ ದಿನಾ ನೋಡ್ತೀವಲ್ಲ. ಕಬ್ಬಿಣ ಕೆಂಪಗ ಕಾದಿರ್ತದ, ಅದರಾಗ ಬೆಂಕಿ ಐತಿ, ಹೊಗಿ ಎಲ್ಲೈತಿ? ಹಸಿ ಕಟಗಿ ಹಾಕಿದರ ಅಷ್ಟ ಹೊಗಿ.’ ನಾವು ದಂಗಾದೆವು. ಕಾದ ಕಬ್ಬಿಣದ ಗುಂಡು, ಹಸಿ ಕಟ್ಟಿಗೆಯ ಸಂಯೋಗ ಇವೆರಡೂ ತರ್ಕಸಂಗ್ರಹದ ಉದಾಹರಣೆಗಳೇ. ನಾವು ಅವನ್ನು ಸಂಸ್ಕೃತದಲ್ಲಿ ನೂರು ಸಲ ಉರು ಹೊಡೆದಿದ್ದೆವು. ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದೆವು. ಆದರೆ ಕಾದ ಕಬ್ಬಿಣವನ್ನು ಒಮ್ಮೆಯೂ ಮನಸ್ಸಿನಲ್ಲಿ ಕಂಡಿರಲಿಲ್ಲ. ಗ್ರಂಥಕಾರನು ಎಲ್ಲಿಂದ ಆ ಉದಾಹರಣೆಯನ್ನು ತಂದನೋ ಆ ಸ್ಥಳದಿಂದಲೇ ಈ ಹುಡುಗ ಬಂದಿದ್ದ. ಉಪಾಧಿ ಎಂದರೇನೆಂದು ನಮಗೆ ತಿಳಿದದ್ದು ಆ ರಾತ್ರಿ, ಅದರಲ್ಲಿ ಪ್ರಥಮ ದರ್ಜೆ ಪಡೆದ ಎಷ್ಟೋ ದಿನಗಳ ಅನಂತರ. ಅವನು ಮರುಪರೀಕ್ಷೆಯಲ್ಲಿ ತೇರ್ಗಡೆಯಾದ. ಅಂಕಗಳೇನೂ ಹೆಚ್ಚಿರಲಿಲ್ಲ. ನಮ್ಮ ಅಂಕಪಟ್ಟಿ ಇಂದಿಗೂ ಪೆಟ್ಟಿಗೆಯಲ್ಲಿದೆ. ಅದನ್ನು ಕಂಡಾಗಲೆಲ್ಲ ಆ ಅಂಕಗಳಲ್ಲಿ ಎಷ್ಟು ಅವನ ಸೋಲಿನ ಮೇಲೆ ನಿಂತವು ಎಂಬ ಸಂಕೋಚ ನಮ್ಮನ್ನು ಬಿಟ್ಟಿಲ್ಲ.

ಈ ಎರಡು ಅವಧಿಗಳನ್ನು ಹೋಲಿಸಿ ನೋಡಿದರೆ ಪೂರ್ವಪಕ್ಷಕ್ಕೆ ಉತ್ತರ ಸಿಕ್ಕುತ್ತದೆ. ಮೊದಲ ಅವಧಿಯಲ್ಲಿಯೂ ನಮಗೆ ಲಾಭವಾಯಿತು: ನಾಲಗೆ ಹರಿತವಾಯಿತು, ಅಂಕ ಬಂತು. ಆ ಲಾಭಕ್ಕೆ ಎದುರಿಗೆ ಮನುಷ್ಯನೇ ಬೇಕಾಗಿರಲಿಲ್ಲ, ಕಂಬವಿದ್ದರೂ ನಡೆಯುತ್ತಿತ್ತು. ಅಲ್ಲಿ ಅವನು ನಿಜವಾಗಿಯೂ ಸಾಣೆಕಲ್ಲಾಗಿದ್ದ, ಪೂರ್ವಪಕ್ಷಿಯ ಆರೋಪ ಅಲ್ಲಿ ಪೂರ್ತಿ ಸಲ್ಲುತ್ತದೆ. ಎರಡನೆಯ ಅವಧಿಯಲ್ಲಿ ಬಂದ ಲಾಭ ಬೇರೆ ಜಾತಿಯದು. ಅವನ ಮನಸ್ಸಿನ ಕಡೆಗೆ ನಾವು ತಿರುಗದೆ ಇದ್ದಿದ್ದರೆ ಅದು ಬರುತ್ತಲೇ ಇರಲಿಲ್ಲ. ಅವನು ತಿಳಿದಾಗಲೇ ನಮಗೂ ತಿಳಿಯಿತು. ಇಲ್ಲಿ ಇಬ್ಬರ ಲಾಭ ಒಂದೇ ಗಿಡದ ಹಣ್ಣು. ಅದನ್ನು ಒಬ್ಬನು ಇನ್ನೊಬ್ಬನಿಂದ ಕಿತ್ತುಕೊಂಡನೆಂದು ಹೇಳಲು ಬರುವುದಿಲ್ಲ.

ವಿದ್ವಾಂಸರ ಸಂಶೋಧನೆಯೂ ಇದೇ ಭೇದವನ್ನು ಬೇರೆ ಮಾತಿನಲ್ಲಿ ಹೇಳುತ್ತದೆ. ಸಹಪಾಠಿಗಳಿಗೆ ಕಲಿಸುವವರು ಹೇಗೆ ಕಲಿಯುತ್ತಾರೆ ಎಂಬ ಬಗೆಗಿನ ಅಧ್ಯಯನಗಳನ್ನೆಲ್ಲ ರಾಸ್ಕೋ ಮತ್ತು ಚೀ ಎಂಬವರು 2007ರಲ್ಲಿ ಕೂಡಿಸಿ ವಿಮರ್ಶಿಸಿದರು. ತಿಳಿದದ್ದನ್ನು ಒಪ್ಪಿಸುವುದು ಒಂದು ಬಗೆ, ಹೇಳುತ್ತ ಹೇಳುತ್ತ ತಿಳಿವನ್ನು ಕಟ್ಟುವುದು ಇನ್ನೊಂದು ಬಗೆ. ಎರಡನೆಯ ಬಗೆಯವರು ತಮ್ಮ ಮಾತನ್ನು ತಾವೇ ಪರೀಕ್ಷಿಸುತ್ತಾರೆ, ಎಡವಿದಲ್ಲಿ ನಿಲ್ಲುತ್ತಾರೆ, ಹಿಂದಿನದಕ್ಕೂ ಇಂದಿನದಕ್ಕೂ ಸಂಬಂಧ ಹುಡುಕುತ್ತಾರೆ. ಹೆಚ್ಚಿನ ಫಲ ಅವರಿಗೆ. ಆದರೆ ಬಿಟ್ಟರೆ ಬಹುಪಾಲು ಹುಡುಗರು ಮೊದಲನೆಯ ಬಗೆಗೇ ಜಾರುತ್ತಾರೆ ಎಂಬುದನ್ನೂ ಅವರು ಕಂಡರು. ಅವರನ್ನು ಆ ಜಾರಿಕೆಯಿಂದ ಎತ್ತುವುದು ಏನು? ಕೇಳುಗನ ಒಳ್ಳೆಯ ಪ್ರಶ್ನೆ. ಅಂದರೆ ತಿಳಿಯದವನ ಪ್ರಾಮಾಣಿಕವಾದ ‘ಯಾಕೆ?’ ಎಂಬ ಮಾತೇ ತಿಳಿದವನಿಗೆ ಗುರುವಾಗುತ್ತದೆ.

ಆ ಪ್ರಶ್ನೆ ಹುಟ್ಟಬೇಕಾದರೆ ಅವಕಾಶ ಬೇಕು. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ಒಂದು ಸರಳವಾದ ಸಂಗತಿಯನ್ನು ಅಳೆದರು. ಅಧ್ಯಾಪಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೋ ಇನ್ನೂ ಸ್ವಲ್ಪ ಹೆಚ್ಚಿಗೋ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕುಳಿತವರೂ ಬಾಯಿ ತೆರೆಯುತ್ತಾರೆ, ಮಕ್ಕಳೇ ಪ್ರಶ್ನೆ ಕೇಳತೊಡಗುತ್ತಾರೆ. ಮೂರು ಸೆಕೆಂಡಿನ ಮೌನ! ಹೇಳಲು ಎಷ್ಟು ಸುಲಭ. ಮಾಡಲು ಎಷ್ಟು ಕಷ್ಟ. ಏಕೆ ಕಷ್ಟವೆಂದರೆ, ಆ ಮೂರು ಸೆಕೆಂಡುಗಳಲ್ಲಿ ನಮಗೆ ತಿಳಿದಿದೆ ಎಂಬುದು ಯಾರಿಗೂ ಕಾಣುವುದಿಲ್ಲ. ‘ನಾನು ಬಲ್ಲೆ’ ಎಂಬ ಭಾವ ಕಾಣಿಸಿಕೊಳ್ಳಲು ಚಡಪಡಿಸುತ್ತದೆ. ಅದನ್ನು ಅಷ್ಟು ಹೊತ್ತು ತಡೆದು ಹಿಡಿಯುವುದು ಸಣ್ಣ ಸಾಧನೆಯಲ್ಲ. ಏಕಾಂತದ ಮೌನವನ್ನು ಎಷ್ಟೋ ಜನ ಸಾಧಿಸುತ್ತಾರೆ. ತಡವರಿಸುವ ಇನ್ನೊಬ್ಬನ ಎದುರಿನಲ್ಲಿ, ಉತ್ತರ ಬಲ್ಲವನು ಪ್ರೀತಿಯಿಂದ ಕಾಯುವ ಮೌನ ಅದಕ್ಕಿಂತ ದುರ್ಲಭ. ಇಪ್ಪತ್ತು ವರ್ಷದ ತರುಣನಿಗೆ ಗೋಷ್ಠಿಯಿಂದ ಬರುವ ನಿಜವಾದ ಸಂಪತ್ತು ಇದು ಎಂದು ನಾವು ತಿಳಿದಿದ್ದೇವೆ. ವಿಷಯಜ್ಞಾನ, ವಾಕ್ಚಾತುರ್ಯ, ಮುಂದಾಳುತನ ಇವು ಅದರ ಹಿಂದೆ ಬರುವವು.

ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಇಬ್ಬರು ನಾಟ್ಯಾಚಾರ್ಯರ ನಡುವೆ ಯಾರು ಮೇಲೆಂಬ ಜಗಳ ಬರುತ್ತದೆ. ಒಬ್ಬನಿಗೆ ಕಲೆ ತನ್ನಲ್ಲಿ ಚೆನ್ನಾಗಿ ನೆಲೆಸಿರುತ್ತದೆ, ಇನ್ನೊಬ್ಬನಿಗೆ ಅದನ್ನು ಬೇರೆಯವರಲ್ಲಿ ನೆಲೆಗೊಳಿಸುವ ಶಕ್ತಿ ಇರುತ್ತದೆ, ಎರಡೂ ಇದ್ದವನೇ ಶಿಕ್ಷಕರಲ್ಲಿ ಅಗ್ರಗಣ್ಯ ಎಂದು ಅಲ್ಲಿ ಪರಿವ್ರಾಜಿಕೆಯ ಅಭಿಪ್ರಾಯ. ಅದಕ್ಕಾಗಿ ಅವರ ಶಿಷ್ಯೆಯರನ್ನು ಕುಣಿಸಿ ನೋಡಲು ಗೊತ್ತು ಮಾಡುತ್ತಾರೆ. ಆಚಾರ್ಯನ ಪರೀಕ್ಷೆ ಶಿಷ್ಯೆಯ ಹೆಜ್ಜೆಯಲ್ಲಿ! ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮೊದಲನೆಯ ಶಕ್ತಿಗೆ ಪದಕಗಳಿವೆ. ಎರಡನೆಯದು ತಮ್ಮಲ್ಲಿ ಇದೆಯೋ ಇಲ್ಲವೋ ಎಂದು ಅರಿಯುವ ಸಂದರ್ಭವೂ ಬಹುಪಾಲು ವಿದ್ಯಾರ್ಥಿಗಳಿಗೆ ಒದಗುವುದಿಲ್ಲ. ನಾಳೆ ತಂದೆತಾಯಿಗಳಾಗುವವರು, ಅಧಿಕಾರಿಗಳಾಗುವವರು, ರೋಗಿಗೆ ರೋಗವನ್ನು ತಿಳಿಹೇಳಬೇಕಾದ ವೈದ್ಯರಾಗುವವರು ಇವರಿಗೆಲ್ಲ ಆ ಎರಡನೆಯ ಶಕ್ತಿಯೇ ಹೆಚ್ಚಾಗಿ ಬೇಕಾಗುತ್ತದೆ.

ಇನ್ನು ಲ್ಯಾಂಕಾಸ್ಟರನ ಶಾಲೆಯ ಪಾಠಕ್ಕೆ ಮರಳೋಣ. ಗೋಷ್ಠಿ ನಡೆಸುವುದರಿಂದ ಮುಂದಾಳಿಗೇ ಲಾಭವೆಂಬ ಮಾತು ನಿಜವಾದರೂ ಅದನ್ನು ಯಾರು ಹೇಳುತ್ತಾರೆ ಎಂಬುದರ ಮೇಲೆ ಅದರ ನೀತಿ ನಿಂತಿದೆ. ಖಾಲಿ ಬಿದ್ದ ಅಧ್ಯಾಪಕರ ಹುದ್ದೆಗಳನ್ನು ತುಂಬದೆ, ‘ಹುಡುಗರೇ ಹುಡುಗರಿಗೆ ಹೇಳಲಿ, ಅದರಿಂದ ಅವರಿಗೇ ಒಳ್ಳೆಯದು’ ಎಂದು ಒಂದು ಸಂಸ್ಥೆ ಹೇಳಿದರೆ ಅದು ವಿವೇಕದ ಮಾತಲ್ಲ, ಲೋಭದ ಮಾತು. ಮುಂದಾಳು ಆಚಾರ್ಯನ ಪಾಲನ್ನು ಕಸಿಯಲು ಬಂದವನಲ್ಲ. ಹಿಂದೆ ಹೇಳಿದ ಆ ನಾಲ್ಕು ಪಾಲುಗಳಲ್ಲಿ ಬರಿದಾಗಿ ಉಳಿದ ಮೂರನೆಯದನ್ನು ತುಂಬಲು ಬಂದವನು. ಕ್ಯಾನ್ಸಾಸ್ ಸಿಟಿಯ ಪದ್ಧತಿ ಈ ವಿಷಯದಲ್ಲಿ ಎಚ್ಚರ ವಹಿಸಿತು. ಅಲ್ಲಿ ಅಧ್ಯಾಪಕನ ಉಪನ್ಯಾಸ ಇದ್ದೇ ಇರುತ್ತದೆ, ಗೋಷ್ಠಿ ಅದಕ್ಕೆ ಪೂರಕ. ಮುಂದಾಳಿಗೆ ಮೊದಲೇ ತರಬೇತಿ ಕೊಡುತ್ತಾರೆ, ಅನುಭವಿಗಳು ಬಂದು ಕುಳಿತು ನೋಡಿ ತಿದ್ದುತ್ತಾರೆ, ಅವನ ವೇಳೆಗೆ ಸಂಭಾವನೆಯನ್ನೂ ಕೊಡುತ್ತಾರೆ. ಸಂಭಾವನೆ ಪಡೆದರೆ ಸೇವೆಯ ಬೆಲೆ ಕುಂದುತ್ತದೆಯೆ ಎಂದು ಕೆಲವರು ಕೇಳಬಹುದು. ಬಡ ವಿದ್ಯಾರ್ಥಿಯ ವೇಳೆಗೂ ಬೆಲೆಯಿದೆ. ಕಾಯಕವು ಕೂಲಿಯಿಂದ ಕೆಡುವುದಿಲ್ಲ. ಕೂಲಿಯೊಂದನ್ನೇ ನೋಡುವುದರಿಂದ ಕೆಡುತ್ತದೆ.

ಹಾಗಾದರೆ ಕೊಡುವವನೇ ಪಡೆಯುವುದಾದರೆ ಅದು ದಾನವೆ? ದಾನವೆಂಬ ಮಾತಿನಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ ಎಂಬ ಭಾವ ಅಂಟಿಕೊಂಡಿದೆ. ನಮ್ಮ ಶರಣರು ದಾಸೋಹ ಎಂಬ ಬೇರೆ ಮಾತನ್ನು ಎತ್ತಿಹಿಡಿದರು. ಅದರಲ್ಲಿ ಕೊಡುವವನು ತನ್ನನ್ನು ದಾಸನೆಂದು ತಿಳಿಯುತ್ತಾನೆ. ಸ್ವೀಕರಿಸಲು ಬಂದವನಿಂದ ತಾನು ಉಪಕೃತನಾದೆನೆಂದು ಭಾವಿಸುತ್ತಾನೆ. ಬಹುಕಾಲ ನಾವು ಅದನ್ನು ವಿನಯದ ಮಾತೆಂದು ಮಾತ್ರ ಎಣಿಸಿದ್ದೆವು. ಅಧ್ಯಯನಗೋಷ್ಠಿಯ ವಿಷಯದಲ್ಲಂತೂ ಅದು ವಿನಯವಲ್ಲ, ವಸ್ತುಸ್ಥಿತಿ. ಹೇಳಿಕೊಡಲು ಕುಳಿತವನು ನಿಜವಾಗಿಯೂ ಉಪಕೃತ. ಆ ಋಣವನ್ನು ಅರಿತವನು ಎದುರಿಗಿದ್ದವನನ್ನು ಸಾಣೆಕಲ್ಲಾಗಿ ಕಾಣಲಾರ. ಅರಿಯದವನಿಗೆ ಅಂಕಗಳು ಬರಬಹುದು, ಪ್ರಶಸ್ತಿಪತ್ರ ಬರಬಹುದು. ಕಾದ ಕಬ್ಬಿಣವನ್ನು ಅವನು ಎಂದೂ ಕಾಣಲಾರ.

ನಮ್ಮ ನಾಡಿನ ಪ್ರಸಾದ ನಿಲಯಗಳಲ್ಲಿ ಓದಿ ಇಂದು ನಾನಾ ಸ್ಥಾನಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಒಂದೇ ದೀಪದ ಕೆಳಗೆ ಕುಳಿತು ನಿಮಗೆ ಗಣಿತವನ್ನೋ ವ್ಯಾಕರಣವನ್ನೋ ಹೇಳಿಕೊಟ್ಟ ಹಿರಿಯ ಹುಡುಗನ ನೆನಪು ನಿಮ್ಮಲ್ಲಿ ಇದ್ದೇ ಇರುತ್ತದೆ. ಅವನಿಗೆ ನೀವು ಕೃತಜ್ಞರಾಗಿದ್ದೀರಿ. ನಿಮ್ಮಿಂದ ಹೇಳಿಸಿಕೊಂಡ ಕಿರಿಯ ಹುಡುಗನೂ ಒಬ್ಬ ಇದ್ದನಲ್ಲ, ಅವನನ್ನು ನೆನೆದಿದ್ದೀರಾ? ಈಗಿನ ನಿಲಯಗಳಲ್ಲಿ ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಅಗುಳಿ, ಕೈಗೊಂದು ಫೋನು ಬಂದಿವೆ. ಪಡಸಾಲೆಗಳು ರಾತ್ರಿ ಬರಿದಾಗಿರುತ್ತವೆ. ನೀವು ಓದಿದ ನಿಲಯಕ್ಕೆ ಮುಂದಿನ ಸಲ ಹೋದಾಗ ಕಟ್ಟಡಕ್ಕೆ ಏನು ಬೇಕೆಂದು ಕೇಳುವುದರ ಜೊತೆಗೆ, ರಾತ್ರಿ ಪ್ರಸಾದವಾದ ಮೇಲೆ ಅಲ್ಲಿ ಯಾರಾದರೂ ಯಾರಿಗಾದರೂ ಹೇಳಿಕೊಡುತ್ತಾರೆಯೆ ಎಂದೂ ಕೇಳಿರಿ. ಹೇಳಿಕೊಡುವ ಹುಡುಗ ಕಂಡರೆ ಅವನ ಬಳಿ ಒಂದು ಗಳಿಗೆ ಕುಳಿತು, ನಮ್ಮ ಗುರುಗಳು ನಮ್ಮನ್ನು ಕೇಳಿದ ಪ್ರಶ್ನೆಯನ್ನು ಅವನಿಗೂ ಕೇಳಿರಿ: ‘ಅವ ಏನಂದ?’